ಉಳಿದ ಮಾತ್ರೆಗಳ ಡಬ್ಬಿ

ಮಲ್ಲತ್ತಹಳ್ಳಿ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯಬಹುದಾಗಿದ್ದ ಕಾಲದಲ್ಲಿ, ಆ ಕೆರೆಯ ತೂಬಿನೊಳಗೆ ಒಬ್ಬ ರಾಕ್ಷಸ ಇದ್ದನಂತೆ. ಹೊರಗೆ ಬಂದರೆ ಎಮ್ಮೆಯಷ್ಟು, ಒಳಗೆ ಹೋದರೆ ಸಾಸಿವೆಯಷ್ಟು. ಸುಗ್ಗಿ ಮುಗಿದ ಕೂಡಲೇ ಬಂದು ಕಣದಲ್ಲಿ ಕೂತು ಊರಿನ ರಾಗಿಯನ್ನೆಲ್ಲ ಮುಕ್ಕುತ್ತಿದ್ದನಂತೆ. ಊರಿನವರು ಹುಣಸೆ ಬರಲು ಹಿಡಿದು ಬಂದು ಬಾರಿಸಿದರು. ಅರ್ಧ ಬಾರಿಸುವಷ್ಟರಲ್ಲಿ ರಾಕ್ಷಸ ಕಣ್ಣು ಮುಚ್ಚಿ ಬಿದ್ದ. ಸತ್ತ ಅಂದುಕೊಂಡು, ಕೈಯೂ ಸೋತಿತ್ತು, ಬರಲನ್ನು ಅಟ್ಟದ ಮೇಲೆ ಎತ್ತಿಟ್ಟು ಎಲ್ಲರೂ ಮುದ್ದೆ ಉಣ್ಣಲು ಹೋದರು. ಅವನು ಸತ್ತಿರಲಿಲ್ಲ. ಬಿದ್ದಲ್ಲೇ ಮಲಗಿ ಹುಣಸೆ ಬರಲಿನ ಪೆಟ್ಟನ್ನು ಪಾಠ ಮಾಡಿಕೊಳ್ಳುತ್ತಿದ್ದ. ಮಾರನೇ ವರ್ಷ ಅದೇ ಬರಲು ಅವನಿಗೆ ನವಿಲುಗರಿ ಸವರಿದ ಹಾಗಾಯಿತು. ಬಿದಿರು ತಂದರು, ಅದನ್ನೂ ಅರ್ಧಕ್ಕೆ ಬಿಟ್ಟರು. ಒನಕೆ ತಂದರು...

"ಆಮೇಲೆ?" ಎಂದು ಕೇಳುವ ಹೊತ್ತಿಗೆ ಅಜ್ಜಿ ವೆಂಕಟಲಕ್ಷ್ಮಮ್ಮ ಗೊರಕೆ ಹೊಡೆಯುತ್ತಿದ್ದಳು. ಇಪ್ಪತ್ತಮೂರು ವರ್ಷ ತುಂಬಿದರೂ ಮೊಮ್ಮಗಳು ಚೈತ್ರ ಈ ಕಥೆಯ ಕೊನೆಯನ್ನು ಕೇಳಿರಲಿಲ್ಲ.

ಅವರ ಮನೆ ಆ ಕೆರೆ ಏರಿಯ ಹಿಂದಿನ ಮೂರನೇ ಬೀದಿಯಲ್ಲಿತ್ತು. ಹೊಲವೆಲ್ಲ ಬಡಾವಣೆಯಾದ ಮೇಲೆ ಕಟ್ಟಿದ ಮನೆ. ಕೆಳಗೆ ಅಜ್ಜಿ ಮತ್ತು ಚೈತ್ರ, ಮೇಲಿನ ಎರಡು ಮಹಡಿಯಲ್ಲಿ ಬಾಡಿಗೆಯವರು. ಅಡುಗೆಮನೆಯ ಗೂಡಿನಲ್ಲಿ ಒಂದು ತಗಡಿನ ಡಬ್ಬಿ. ಯಾರದೋ ಮದುವೆಯಲ್ಲಿ ಚಿರೋಟಿ ತುಂಬಿಕೊಂಡು ಬಂದದ್ದು, ಈಗ ಅದರ ತುಂಬ ಮಾತ್ರೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದು, ಡಾಕ್ಟರು ಐದು ದಿನಕ್ಕೆ ಬರೆದು, ಎರಡೇ ದಿನಕ್ಕೆ ಜ್ವರ ಬಿಟ್ಟರೆ ಉಳಿದ ಮೂರು ದಿನದ್ದು ಡಬ್ಬಿಗೆ ಹೋಗುತ್ತಿತ್ತು. ಓದು ಬಾರದ ಅಜ್ಜಿ ಅವುಗಳನ್ನು ಬಣ್ಣದಿಂದ ಗುರುತಿಡುತ್ತಿದ್ದಳು. ಕೆಂಪು ಬಿಳಿ ಕ್ಯಾಪ್ಸೂಲು ಗಂಟಲಿಗೆ, ಉದ್ದನೆಯ ಹಳದಿ ಕಫಕ್ಕೆ, ನಡುವೆ ಗೆರೆ ಇರುವ ಬಿಳಿಯದು ಕೀವಿಗೆ. ಮೇಲಿನ ಬಾಡಿಗೆಯವರು, ಎದುರುಮನೆಯವರು, ತರಕಾರಿ ಗಾಡಿಯ ಉಗ್ರಪ್ಪ, ಎಲ್ಲರೂ ಬಂದು "ಅಜ್ಜಿ, ಗಂಟಲಿನದ್ದು ಎರಡಿದ್ರೆ ಕೊಡಿ" ಅನ್ನುವವರೇ. ಬೀದಿಯಲ್ಲಿ ಅವಳ ಹೆಸರೇ ಡಬ್ಬಿ ಅಜ್ಜಿ ಎಂದಾಗಿತ್ತು. ಹಿಂದೆ ಕಣಜದಿಂದ ರಾಗಿ ಅಳೆದು ಕೊಡುತ್ತಿದ್ದ ಕೈ ಅದು. ಕೊಡಲು ರಾಗಿ ಇಲ್ಲದ ಕಾಲದಲ್ಲಿ ಮಾತ್ರೆ ಕೊಡುತ್ತಿತ್ತು, ಅಷ್ಟೇ.

ಚೈತ್ರಳ ಅಕ್ಕ ಚೇತನಾ ಚಂದ್ರಾ ಲೇಔಟಿನಲ್ಲಿದ್ದಳು. ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕು. ಶಿವರಾತ್ರಿ ಕಳೆದ ವಾರ ಅವಳಿಗೆ ಮೈಸೂರಿನಲ್ಲಿ ಐದು ದಿನದ ತರಬೇತಿ ಬಂತು. ಗಂಡ ಮಹದೇವನಿಗೆ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಹಾಗಾಗಿ ಆರು ವರ್ಷದ ಮಗಳು ಸ್ಪಂದನಳನ್ನು ತಂಗಿಯ ಮಡಿಲಿಗೆ ಹಾಕಿ ಬಸ್ಸು ಹತ್ತಿದಳು. ಹತ್ತುವ ಮೊದಲು ಹೇಳಿದ್ದು ಒಂದೇ ಮಾತು. ಕಥೆ ಹೇಳ್ತಾ ಹೇಳ್ತಾ ಮಗೂಗೆ ಊಟ ಹಾಕೋದು ಮರೀಬೇಡ ಕಣೇ, ನಿನ್ನ ತಲೆ ಯಾವಾಗ್ಲೂ ಮೋಡದ ಮೇಲಿರುತ್ತೆ.

ಚೈತ್ರ ಊಟ ಹಾಕುವುದನ್ನು ಮರೆಯಲಿಲ್ಲ. ಮೊದಲನೇ ಸಂಜೆಯೇ ಸ್ಪಂದನ ಕುಂಟತೊಡಗಿದ್ದನ್ನೂ ಕಂಡಳು. ಎಲ್ಲಿ ನೋವು ಎಂದರೆ ಮಗು ಬಲ ಮೊಣಕಾಲನ್ನು ಮುಟ್ಟಿ ತೋರಿಸಿತು. ಅಲ್ಲಿ ವಾರದ ಹಿಂದೆ ಆಟದಲ್ಲಿ ಬಿದ್ದು ತರಚಿದ ಗಾಯದ ಹಕ್ಕಳೆ ಇತ್ತು, ಅದರ ಸುತ್ತ ಸ್ವಲ್ಪ ಕೆಂಪು. ಚೈತ್ರ ಹರಳೆಣ್ಣೆ ಬಿಸಿ ಮಾಡಿ ಮೊಣಕಾಲಿಗೆ ನೀವಿದಳು. ಕಾಯಿಲೆ ಕೂತಿದ್ದು ಸೊಂಟದ ಕೀಲಿನಲ್ಲಿ. ಸೊಂಟ ಕೆಟ್ಟರೆ ಮಕ್ಕಳು ಮೊಣಕಾಲು ತೋರಿಸುತ್ತಾರೆ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು, ಗೊತ್ತಾಗಿ ಏನೂ ಪ್ರಯೋಜನವಿಲ್ಲದ ಹೊತ್ತಿನಲ್ಲಿ.

ರಾತ್ರಿ ಜ್ವರ ಬಂತು. ಬೆಳಿಗ್ಗೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗೋಣವೆಂದು ಚೈತ್ರ ಹೊರಟಿದ್ದು ನಿಜ. ಚಪ್ಪಲಿಯನ್ನೂ ಮೆಟ್ಟಿದ್ದಳು. ಸೂಜಿ ಚುಚ್ತಾರೆ ಚಿಕ್ಕಿ, ಬೇಡ ಎಂದು ಸ್ಪಂದನ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಅತ್ತಳು. ಒಳಗಿನಿಂದ ಅಜ್ಜಿ, ಎಳೇ ಮಗೂನ ಬಿಸಿಲಲ್ಲಿ ಅಳಿಸ್ಕೊಂಡು ಎಲ್ಲಿಗೇ ಹೊರಟೆ, ಬೆಳೆಯೋ ಕಾಲು ನೋಯುತ್ತೆ, ಜೊತೆಗೆ ಎಲ್ಲೋ ಕೀವು ಕಟ್ಟಿರ್ಬೇಕು ಅಂದು ಡಬ್ಬಿ ಇಳಿಸಿದಳು. ಗೆರೆಯಿದ್ದ ಬಿಳಿ ಮಾತ್ರೆಯನ್ನು ಗೆರೆಯ ಮೇಲೆ ಮುರಿದು, ಅರ್ಧವನ್ನು ಚೈತ್ರಳ ಅಂಗೈಗೆ ಹಾಕಿದಳು. ಚೈತ್ರ ಅದನ್ನು ಚಮಚದ ಹಿಂಬದಿಯಲ್ಲಿ ಅರೆದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿದಳು. ಮಧ್ಯಾಹ್ನದ ಹೊತ್ತಿಗೆ ಹಣೆ ತಣ್ಣಗಾಯಿತು. ನೋಡ್ದಾ, ಅಂದಳು ಅಜ್ಜಿ.

ಎರಡು ದಿನಕ್ಕೆ ಆ ಪಟ್ಟಿ ಮುಗಿಯಿತು. ಮೂರನೇ ದಿನದಿಂದ ಹಳದಿಯದು. ಪ್ರತಿ ಸಲವೂ ಜ್ವರ ಒಂದಿಷ್ಟು ಇಳಿದು, ಮತ್ತೆ ಎದ್ದು ಕೂರುತ್ತಿತ್ತು. ಸಂಜೆ ಸಂಜೆ ಚೇತನಾ ಫೋನು ಮಾಡಿದಾಗ ಚೈತ್ರ, ಆರಾಮಾಗಿದಾಳೆ ಕಣೇ, ಕಥೆ ಕೇಳ್ತಾ ಇದಾಳೆ ಅನ್ನುತ್ತಿದ್ದಳು. ಕಥೆ ಕೇಳುತ್ತಿದ್ದದ್ದು ಸುಳ್ಳಲ್ಲ. ಬಲಗಾಲನ್ನು ಕಪ್ಪೆಯ ಹಾಗೆ ಮಡಚಿ ಹೊರಕ್ಕೆ ಚೆಲ್ಲಿ, ದಿಂಬಿನ ಮೇಲಿಟ್ಟುಕೊಂಡು, ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಕಾಲು ಮುಟ್ಟಿದರೆ ಮಾತ್ರ ಕಥೆ ನಿಲ್ಲಿಸಬೇಕಾಗುತ್ತಿತ್ತು.

ಐದನೇ ದಿನ ಚೇತನಾ ಮೈಸೂರಿನಿಂದ ನೇರ ಬಂದು, ಬ್ಯಾಗು ಕೆಳಗಿಟ್ಟು, ಮಗಳನ್ನು ಎತ್ತಿಕೊಂಡಳು. ಸ್ಪಂದನ ಕಿರುಚಿದ ಸದ್ದಿಗೆ ಎರಡನೇ ಮಹಡಿಯ ಬಾಡಿಗೆಯವರು ಮೆಟ್ಟಿಲಿಳಿದು ಬಂದರು.

ರಾಜಾಜಿನಗರದ ಕಡೆಯ ಆ ಆಸ್ಪತ್ರೆಯಲ್ಲಿ ಮಕ್ಕಳ ಮೂಳೆಯ ಡಾಕ್ಟರು ಶೈಲಾ ಎಂಬುವರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಸ್ಕ್ಯಾನ್ ನೋಡಿ, ಕೀಲಿನೊಳಗೆ ಕೀವು ತುಂಬಿದೆ, ಇವತ್ತೇ ತೆರೆದು ತೊಳೆಯಬೇಕು, ಕೀಲಿನ ಮೆತ್ತನೆ ಹೊದಿಕೆಯನ್ನು ಕೀವು ಗಂಟೆ ಗಂಟೆಗೂ ತಿನ್ನುತ್ತದೆ ಎಂದರು. ಫೈಲು ತೆರೆದು ಪೆನ್ನು ಹಿಡಿದುಕೊಂಡೇ ಕೇಳಿದರು.

"ಇದಕ್ಕೆ ಮುಂಚೆ ಯಾವುದಾದ್ರೂ ಆ್ಯಂಟಿಬಯೋಟಿಕ್ ಕೊಟ್ಟಿದ್ರಾ? ಒಂದೇ ಒಂದು ಮಾತ್ರೆ ಆದ್ರೂ ಹೇಳಿ."

"ಇಲ್ಲ ಡಾಕ್ಟರ್, ಜ್ವರದ ಸಿರಪ್ ಬಿಟ್ರೆ ನಮ್ಮ ಮಗೂಗೆ ಏನೂ ಕೊಡಲ್ಲ" ಅಂದಳು ಚೇತನಾ. ಅಂದವಳು ತಂಗಿಯ ಕಡೆ ತಿರುಗಿದಳು. "ಅಲ್ವೇನೇ?"

ಚೈತ್ರಳ ತಲೆ ಆಡಿತು. ಆಡಿದ್ದು ತನ್ನದೇ ತಲೆ ಎಂದು ಅವಳಿಗೆ ಅರೆಗಳಿಗೆ ತಡವಾಗಿ ಗೊತ್ತಾಯಿತು. ಅಷ್ಟರಲ್ಲಿ ಡಾಕ್ಟರು ಬರೆದಾಗಿತ್ತು.

ತೆರೆದರು, ತೊಳೆದರು, ಕೀವನ್ನು ಪರೀಕ್ಷೆಗೆ ಕಳಿಸಿದರು. ಎರಡು ದಿನ ಬಿಟ್ಟು ವರದಿ ಬಂತು. ಕೀವಿನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ. ಚೇತನಾ ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡು ಗಂಡನಿಗೆ ಫೋನು ಮಾಡಿ ಹೇಳಿದಳು. ಹೆಚ್ಚಿನ ಮಕ್ಕಳಿಗೆ ನಾಟುವ ಔಷಧವನ್ನೇ ಡಾಕ್ಟರು ಮೊದಲ ದಿನದಿಂದ ನರಕ್ಕೆ ಹಾಕಿಸುತ್ತಿದ್ದರು. ಬದಲಾಯಿಸಲು ಕಾರಣವಿಲ್ಲದ್ದರಿಂದ ಅದೇ ಮುಂದುವರಿಯಿತು. ಜ್ವರವೂ ಮುಂದುವರಿಯಿತು.

ಪಕ್ಕದ ಹಾಸಿಗೆಯಲ್ಲಿ ಕೆಂಗೇರಿಯ ಇಂದ್ರಮ್ಮ, ಮೊಣಕೈ ಮುರಿದುಕೊಂಡ ಮೊಮ್ಮಗಳ ಕಾವಲಿಗೆ ಕೂತಿದ್ದಳು. ಚೈತ್ರ ಹೇಳುವ ಕಥೆಗಳನ್ನು ಎರಡೂ ಹಾಸಿಗೆಯವರು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಇಂದ್ರಮ್ಮ ಎಲೆ ಅಡಿಕೆ ಇಲ್ಲದ ಬಾಯನ್ನು ಸುಮ್ಮನೆ ಆಡಿಸುತ್ತ, "ಅಲ್ಲ ಕಣಮ್ಮ, ನಿನ್ನ ಕಥೇಲಿ ಆ ರಾಣಿ ಒಂದ್ ದಿನಾನಾದ್ರೂ ಪಾತ್ರೆ ತೊಳೀತಾಳಾ?" ಅಂದಳು. ಸ್ಪಂದನ ನಕ್ಕಳು. ನಕ್ಕಾಗ ಕಾಲು ಅಲುಗಿ, ನಗು ಅಲ್ಲೇ ಅಳುವಾಯಿತು. ಆಮೇಲೆ ತೂಬಿನ ರಾಕ್ಷಸನ ಕಥೆ ಬೇಕು ಎಂದಳು. ಚೈತ್ರ ಹುಣಸೆ ಬರಲಿನವರೆಗೆ ಬಂದು, ಬರಲನ್ನು ಅಟ್ಟದ ಮೇಲೆ ಎತ್ತಿಟ್ಟರು ಎನ್ನುವಾಗ ಕಥೆ ಬಿಟ್ಟು ನೀರಿನ ಬಾಟಲಿಗೆ ಕೈ ಚಾಚಿದಳು. ಗೂಡಿನಲ್ಲಿದ್ದ ತಗಡಿನ ಡಬ್ಬಿ ಅವಳ ಕಣ್ಣಿಗೆ ಕಟ್ಟಿತ್ತು. ಇಪ್ಪತ್ತು ವರ್ಷ ಈ ಕಥೆ ಹೇಳಿದ ಅಜ್ಜಿಯಾಗಲಿ, ಕೇಳಿದ ತಾನಾಗಲಿ ಒಂದು ದಿನವೂ ಆ ಗೂಡಿನ ಕಡೆ ತಿರುಗಿ ನೋಡಿರಲಿಲ್ಲ.

ನಾಲ್ಕನೇ ದಿನ ಮತ್ತೆ ತೆರೆಯಬೇಕಾಯಿತು. ಈ ಸಲ ಕೀವಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ಆರನೇ ದಿನ ವರದಿ ಹಿಡಿದು ಬಂದ ಡಾಕ್ಟರು ಶೈಲಾ, ಇದು ಸಾಮಾನ್ಯ ಔಷಧಕ್ಕೆ ಜಗ್ಗದ ಜಾತಿಯ ಬ್ಯಾಕ್ಟೀರಿಯಾ ಎಂದರು. ನಾವು ಇಷ್ಟು ದಿನ ಕೊಟ್ಟ ಔಷಧ ಅದಕ್ಕೆ ತಾಕಿಯೇ ಇಲ್ಲ, ಈಗ ವ್ಯಾಂಕೋಮೈಸಿನ್ ಶುರು ಮಾಡೋಣ, ಅದು ಮೂತ್ರಪಿಂಡಕ್ಕೆ ಭಾರ, ದಿನ ಬಿಟ್ಟು ದಿನ ರಕ್ತ ತೆಗೆದು ನೋಡಬೇಕಾಗುತ್ತದೆ. ಚೇತನಾ ಒಂದೊಂದಕ್ಕೂ ತಲೆಯಾಡಿಸಿದಳು. ಕೊನೆಗೆ, ಕಾಲು ಉಳಿಯುತ್ತಾ ಎಂದು ಕೇಳಿದಳು. ಡಾಕ್ಟರು, ಮೊದಲು ಸೋಂಕು ನಿಲ್ಲಲಿ ಎಂದರು. ಅದು ಉತ್ತರವಲ್ಲ ಎಂದು ಮೂವರಿಗೂ ತಿಳಿದಿತ್ತು.

ಡಾಕ್ಟರು ಲಿಫ್ಟಿನ ಹತ್ತಿರ ಹೋಗುವವರೆಗೂ ಚೈತ್ರ ಹಿಂದೆಯೇ ನಡೆದಳು. ಮಾತು ಹೇಗೆ ಹೊರಗೆ ಬಂತೋ ಅವಳಿಗೆ ನೆನಪಿಲ್ಲ. ಅಜ್ಜಿಯ ಡಬ್ಬಿಯ ಮಾತ್ರೆ, ಬಿಳಿಯದು ಎರಡು ದಿನ, ಹಳದಿಯದು ಎರಡು ದಿನ, ಜೇನುತುಪ್ಪದಲ್ಲಿ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲಿಫ್ಟು ಬಂದು ಬಾಗಿಲು ತೆರೆದು, ಯಾರೂ ಹತ್ತದೆ, ಮತ್ತೆ ಮುಚ್ಚಿಕೊಂಡಿತು.

ಚೂರು ಚೂರು ಮಾತ್ರೆ ಬ್ಯಾಕ್ಟೀರಿಯಾವನ್ನು ಸಾಯಿಸುವುದಿಲ್ಲ, ಮಂಕು ಹಿಡಿಸುತ್ತದೆ, ಅದಕ್ಕೇ ಮೊದಲ ಸಲ ಏನೂ ಬೆಳೆಯದೆ ಇದ್ದದ್ದು ಎಂದು ಅವರು ನಿಧಾನಕ್ಕೆ ಬಿಡಿಸಿ ಹೇಳಿದರು. ಗೊತ್ತಿದ್ದರೆ ಆ ಖಾಲಿ ವರದಿಯನ್ನು ನಂಬುತ್ತಿರಲಿಲ್ಲ. ಮೊದಲ ದಿನವೇ ದೊಡ್ಡ ಔಷಧಕ್ಕೆ ಹೋಗುತ್ತಿದ್ದೆ ಎಂದರು.

"ಹಾಗಾದ್ರೆ ಕಾಲು ಉಳೀತಿತ್ತಾ?"

"ಗೊತ್ತಿಲ್ಲ. ಮನೇಲಿ ನಾಲ್ಕು ದಿನ, ಇಲ್ಲಿ ಆರು ದಿನ. ಇಷ್ಟು ದಿನ ಹೋಗ್ತಿರಲಿಲ್ಲ, ಅಷ್ಟು ಮಾತ್ರ ಹೇಳ್ಬಲ್ಲೆ." ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಒತ್ತಿಕೊಂಡರು. "ನೋಡಿ, ನಾನಿದನ್ನ ಫೈಲಲ್ಲಿ ಬರೀತೀನಿ. ಅವರಮ್ಮ ಕೇಳಿದ್ರೆ ಮುಚ್ಚಿಡಲ್ಲ. ಆದ್ರೆ ಅವರಿಗೆ ನೀವೇ ಹೇಳ್ಬೇಕು. ಮಗು ಮತ್ತೆ ಆ ಡಬ್ಬಿ ಇರೋ ಮನೆಗೆ ಬಂದೇ ಬರುತ್ತೆ ತಾನೆ?"

"ಹೇಳ್ತೀನಿ ಡಾಕ್ಟರ್."

"ಮಾತು ಕೊಡಿ."

ಕಥೆಗಳಲ್ಲಿ ಮಾತು ಕೊಡುವವರು ಕೈಮೇಲೆ ಕೈ ಇಡುತ್ತಾರೆ. ಚೈತ್ರ ಕೈ ಚಾಚಿದಳು. ಡಾಕ್ಟರಿಗೆ ಅದು ಅರ್ಥವಾಗಲಿಲ್ಲ, ಆದರೂ ಆ ಕೈಯನ್ನು ಒಂದು ಸಲ ಒತ್ತಿ ಬಿಟ್ಟರು.

ಮಾತು ಕೊಟ್ಟದ್ದು ಬುಧವಾರ. ಗುರುವಾರ ಹೇಳೋಣವೆಂದರೆ ಔಷಧ ಹರಿಯುವಾಗ ಮಗುವಿನ ಮುಖ ಕುತ್ತಿಗೆಯೆಲ್ಲ ಕೆಂಪೇರಿ ತುರಿಕೆ ಶುರುವಾಯಿತು. ನರ್ಸು ಓಡಿ ಬಂದು ಹನಿಯ ವೇಗ ಇಳಿಸಿದಳು. ಆ ದಿನ ಹೇಳುವ ಹಾಗಿರಲಿಲ್ಲ. ಜ್ವರ ಇಳಿದ ಮೇಲೆ ಹೇಳೋಣ ಎಂದುಕೊಂಡಳು. ಒಂಬತ್ತನೇ ದಿನ ಜ್ವರ ಇಳಿಯಿತು. ಇಳಿದ ಸಂತೋಷದಲ್ಲಿ ಅಕ್ಕ ಮೊದಲ ಬಾರಿಗೆ ಕೂತಲ್ಲೇ ನಿದ್ದೆ ಹೋಗಿದ್ದಳು. ಎಬ್ಬಿಸಿ ಹೇಳುವುದು ಹೇಗೆ? ಮಗುವಿನ ತೋಳಿನ ನರಗಳೆಲ್ಲ ಊದಿ, ಸೂಜಿ ನಿಲ್ಲದೆ, ಎದೆಯವರೆಗೆ ಹೋಗುವ ಸಣ್ಣ ಕೊಳವೆ ಹಾಕಿದ ದಿನ ಹೇಳಬೇಕೆಂದಿದ್ದಳು. ಅವತ್ತು ಚೇತನಾ ತಾನಾಗಿ ಅವಳ ಹತ್ತಿರ ಬಂದು ಹೆಗಲಿಗೆ ಹಣೆ ಇಟ್ಟಳು.

"ನಾನು ಮೈಸೂರಿಗೆ ಹೋಗ್ಬಾರ್ದಾಗಿತ್ತು ಕಣೇ. ಎಲ್ಲ ನನ್ನಿಂದ್ಲೇ ಆಗಿದ್ದು. ನೀನಾದ್ರೂ ಹತ್ರ ಇದ್ಯಲ್ಲ, ಅದೊಂದೇ ಸಮಾಧಾನ."

ಚೈತ್ರ ಬಾಯಿ ತೆರೆದಳು. ಇಲ್ಲ ಕಣಕ್ಕ ಎಂದಷ್ಟೇ ಬಂತು. ಅಕ್ಕ ಅದನ್ನು ಸಮಾಧಾನದ ಮಾತೆಂದುಕೊಂಡು ಇನ್ನಷ್ಟು ಅತ್ತಳು. ಆಮೇಲೆ ಅವಳು ಮಹದೇವನ ಹತ್ತಿರವೂ ಅದನ್ನೇ ಹೇಳಿದಳು, ಬ್ಯಾಂಕಿನ ಗೆಳತಿಯರ ಹತ್ತಿರವೂ ಹೇಳಿದಳು. ಹೇಳಿ ಹೇಳಿ ಅದು ಅವಳಿಗೆ ನಿಜವೇ ಆಗಿಹೋಯಿತು. ಮುಂದಿನ ತಿಂಗಳಿನಿಂದ ಕೆಲಸ ಬಿಡುತ್ತೇನೆ ಎಂದು ಬರೆದು ಕೊಟ್ಟಳು. ತನ್ನ ಮೌನ ಅಕ್ಕನ ತಲೆಯ ಮೇಲೆ ದಿನಕ್ಕೊಂದು ಕಲ್ಲು ಹೇರುತ್ತಿರುವುದನ್ನು ಚೈತ್ರ ನೋಡುತ್ತಲೇ ಇದ್ದಳು. ನೋಡಿದಷ್ಟೂ ನಾಲಿಗೆ ಭಾರವಾಗುತ್ತಿತ್ತು.

ಒಂದು ಸಂಜೆ ಕಥೆಯೊಳಗೆ ಅಡಗಿಸಿ ಹೇಳಿ ನೋಡಿದಳು. ಒಬ್ಬಳು ಚಿಕ್ಕಮ್ಮ ಇದ್ದಳಂತೆ, ರಾಜಕುಮಾರಿಗೆ ಗೊತ್ತಿಲ್ಲದೆ ಬೇರು ಅರೆದು ಕುಡಿಸಿದಳಂತೆ. ಸ್ಪಂದನ, ಆ ಚಿಕ್ಕಮ್ಮ ಕೆಟ್ಟವಳಾ ಎಂದು ಕೇಳಿದಳು. ಗೊತ್ತಿಲ್ಲ ಪುಟ್ಟ ಅಂದಳು ಚೈತ್ರ. ಚೇತನಾ ಕಿಟಕಿಯ ಹತ್ತಿರ ನಿಂತು ಮಗಳ ಬಟ್ಟೆ ಮಡಚುತ್ತಿದ್ದಳು. ಕಥೆ ಅವಳ ಕಿವಿಗೆ ಬಿದ್ದಿತೋ ಇಲ್ಲವೋ. ಇಂಥ ಕಥೆಗಳಿಗೆ ಅವಳು ಯಾವತ್ತೂ ಕಿವಿ ಕೊಟ್ಟವಳಲ್ಲ.

ಇನ್ನೊಂದು ದಿನ ಅಜ್ಜಿಗೆ ಫೋನು ಮಾಡಿ, ಆ ರಾಕ್ಷಸ ಕೊನೆಗೆ ಹೇಗೆ ಸತ್ತ, ಮಗು ಕೇಳ್ತಿದೆ ಎಂದಳು. ಆ ಕಡೆಯಿಂದ ಅಜ್ಜಿ, "ಅದಕ್ಕೆಲ್ಲಿದೆಯೇ ಕೊನೆ? ನಮ್ಮಜ್ಜೀನೂ ಅಲ್ಲಿಗೇ ನಿದ್ದೆ ಹೋಗ್ತಿದ್ಲು" ಅಂದಳು.

ನಾಲ್ಕು ವಾರ ಕಳೆದ ಮೇಲೆ ಡಾಕ್ಟರು ಕೊಳವೆ ತೆಗೆದು, ಇನ್ನೆರಡು ವಾರ ಮನೆಯಲ್ಲಿ ಮಾತ್ರೆ ನುಂಗಲಿ, ಒಂದೂ ತಪ್ಪಬಾರದು, ವಾರಕ್ಕೊಮ್ಮೆ ರಕ್ತಪರೀಕ್ಷೆ ಎಂದು ಬರೆದರು. ಸೋಂಕು ನಿಂತಿತ್ತು. ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ಎರಡೂ ಸೊಂಟವನ್ನು ತೋರಿಸಿದರು. ಎಡಗಡೆ ತೊಡೆಮೂಳೆಯ ತುದಿ ಗುಂಡಗೆ, ಬಟ್ಟಲಿನೊಳಗಿನ ನಿಂಬೆಹಣ್ಣಿನ ಹಾಗೆ ಕೂತಿತ್ತು. ಬಲಗಡೆ ಆ ಹಣ್ಣು ಹಿಂಡಿ ಬಿಟ್ಟ ಹಾಗಿತ್ತು. ಮೂಳೆಯ ಆ ತುದಿಗೆ ರಕ್ತ ಹೋಗುತ್ತಿಲ್ಲ, ಕಾಲು ಬೆಳೆಯುವುದು ಹಿಂದೆ ಬೀಳುತ್ತದೆ, ಕುಂಟು ಉಳಿಯುತ್ತದೆ. ಬೆಳೆದ ಹಾಗೆಲ್ಲ ಆಪರೇಷನ್ ಬೇಕಾಗಬಹುದು, ಎಷ್ಟು ಎಂದು ಈಗ ಹೇಳಲಾಗದು. ಚೇತನಾ ಆ ಚಿತ್ರವನ್ನು ಕವರಿನೊಳಗೆ ಹಾಕಲು ನೋಡಿದಳು. ಅದು ಹೋಗಲಿಲ್ಲ. ಮಹದೇವ ಕೈಯಿಂದ ತೆಗೆದುಕೊಂಡು ಹಾಕಿದ.

ಹೊರಡುವಾಗ ಡಾಕ್ಟರು ಶೈಲಾ ಚೈತ್ರಳ ಮುಖ ನೋಡಿದರು. ಚೈತ್ರ ಕಣ್ಣು ತಗ್ಗಿಸಿ ವ್ಹೀಲ್‌ಚೇರನ್ನು ಮುಂದಕ್ಕೆ ತಳ್ಳಿದಳು.

ಚಂದ್ರಾ ಲೇಔಟಿನ ಮೂರನೇ ಮಹಡಿಯ ಮನೆಗೆ ಮಗುವನ್ನು ಹತ್ತಿಸುವುದು ಕಷ್ಟವೆಂದು ಎಲ್ಲರೂ ಮಲ್ಲತ್ತಹಳ್ಳಿಗೇ ಬಂದರು. ಹಿಡಿದುಕೊಂಡು ನಡೆಯಲು ವಾಕರ್ ಬಂತು. ಸ್ಪಂದನ ಬಲಗಾಲನ್ನು ನೆಲಕ್ಕೆ ತಾಕಿಸದೆ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಕುಪ್ಪಳಿಸುತ್ತಿದ್ದಳು. ಬೀದಿಯ ಮಕ್ಕಳು ಬಾಗಿಲಲ್ಲಿ ನಿಂತು ಸ್ವಲ್ಪ ದಿನ ನೋಡಿದರು. ಆಮೇಲೆ ಬರುವುದನ್ನು ಬಿಟ್ಟರು.

ಮಾತ್ರೆ ಅವಳಿಗೆ ಒಗ್ಗಲಿಲ್ಲ. ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳಸಿ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದಳು. ಹತ್ತು ದಿನ ಹಾಗೇ ನಡೆಯಿತು. ಹನ್ನೊಂದನೇ ದಿನ ಮಧ್ಯಾಹ್ನ, ಊಟವಾದ ಮೇಲೆ, ಸ್ಪಂದನ ಮಾತ್ರೆ ನೋಡಿದ ಕೂಡಲೇ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಚೇತನಾ ನೀರಿನ ಲೋಟ ಹಿಡಿದು ಬಹಳ ಹೊತ್ತು ಕೂತಿದ್ದಳು. ಆಮೇಲೆ ಲೋಟ ಕೆಳಗಿಟ್ಟಳು.

"ಸಾಕು ಬಿಡು. ಜ್ವರ ಬಿಟ್ಟು ತಿಂಗಳಾಯ್ತು. ಹೋಗಿದ್ದು ಹೋಯ್ತು, ಇನ್ನೂ ಯಾಕೆ ಗೋಳು ಹುಯ್ಕೋಬೇಕು ಈ ಮಗೂನ."

"ಹೂಂ ಮತ್ತೆ. ನಾಲ್ಕು ದಿನದ್ದು ತಾನೆ ಉಳಿದಿರೋದು" ಅಂದಳು ಅಜ್ಜಿ. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಗೂಡಿನಿಂದ ಚಿರೋಟಿ ಡಬ್ಬಿ ಇಳಿಸಿ, ಮುಚ್ಚಳ ತೆಗೆದಳು. "ದೊಡ್ಡ ಮಾತ್ರೆ ಇದು. ಇಲ್ಲಿರ್ಲಿ, ಯಾರಿಗಾದ್ರೂ ಆಗುತ್ತೆ."

"ಹೂಂ, ಇಟ್ಟಿರು ಅಜ್ಜಿ" ಅಂದಳು ಚೇತನಾ.

ಕಿಟಕಿಯಿಂದ ಬಿಸಿಲು ಬಿದ್ದು ಡಬ್ಬಿಯೊಳಗಿನ ಪಟ್ಟಿಗಳೆಲ್ಲ ಬೆಳ್ಳಿಯ ಹಾಗೆ ಹೊಳೆದವು. ಚೈತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಯಾವ ಕಥೆಯೂ ನೆನಪಿಗೆ ಬರಲಿಲ್ಲ. ಮುಂದೆ ನಡೆದು, ಅಜ್ಜಿಯ ಕೈಯಿಂದ ಆ ಪಟ್ಟಿಯನ್ನು ತೆಗೆದುಕೊಂಡಳು. ಬಿಡೇ, ಏನೇ ಇದು ಎಂದಳು ಅಜ್ಜಿ. ಚೈತ್ರ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಡಬ್ಬಿಯನ್ನೂ ಎತ್ತಿಕೊಂಡು ಅಕ್ಕನ ಮುಂದೆ ತಂದಿಟ್ಟು, ನೆಲದ ಮೇಲೆ ಕೂತಳು.

"ಈ ನಾಲ್ಕು ದಿನದ್ದೂ ಅವಳು ನುಂಗಲೇಬೇಕು ಅಕ್ಕ. ವಾಂತಿ ಆದ್ರೂನೂ."

"ನಿನಗೇನಾಯ್ತೇ ಈಗ?"

"ನೀನು ಮೈಸೂರಲ್ಲಿದ್ದಾಗ ನಾನು ಈ ಡಬ್ಬೀದೇ ಕೊಟ್ಟಿದ್ದು ಅವಳಿಗೆ. ಬಿಳೀದು ಎರಡು ದಿನ. ಅದು ಮುಗಿದ ಮೇಲೆ ಹಳದೀದು ಎರಡು ದಿನ. ಜ್ವರ ಮೊದಲ್ನೇ ರಾತ್ರಿನೇ ಬಂದಿತ್ತು. ನಿನಗೆ ಫೋನಲ್ಲಿ ಆರಾಮಾಗಿದಾಳೆ ಅಂದೆ."

ಅಜ್ಜಿ, ಕೊಟ್ಟಿದ್ದು ನಾನು ಕಣೇ, ಅವಳಿಗೇನು ಗೊತ್ತಿತ್ತು ಎನ್ನಲು ಬಂದಳು. ಚೈತ್ರ ಕೈಯೆತ್ತಿ ತಡೆದಳು. ನಿಲ್ಲಿಸಿದರೆ ಮತ್ತೆ ಅರ್ಧಕ್ಕೇ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು.

"ಅದಕ್ಕೇ ಮೊದಲ್ನೇ ಸಲ ಕೀವಲ್ಲಿ ಏನೂ ಬೆಳೀಲಿಲ್ಲ. ಅದಕ್ಕೇ ಆರು ದಿನ ತಪ್ಪು ಔಷಧ ಹೋಯ್ತು. ಡಾಕ್ಟರಿಗೆ ಮೊದಲೇ ಹೇಳಿದ್ರೆ ಬೇರೆ ಕೊಡ್ತಿದ್ರು. ನೀನು ಮೈಸೂರಿಗೆ ಹೋಗಿದ್ದಕ್ಕೆ ಆಗಿದ್ದಲ್ಲ ಇದು. ನಾನು ಮಾಡಿದ್ದು."

ಚೇತನಾ ಡಬ್ಬಿಯ ಕಡೆ ನೋಡುತ್ತಿದ್ದಳು. ಗೋಡೆಯ ಕಡೆ ತಿರುಗಿದ್ದ ಸ್ಪಂದನ ಇತ್ತ ಹೊರಳಿ, ಅಮ್ಮನ ಮುಖವನ್ನೂ ಚಿಕ್ಕಿಯ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ಮೇಲಿನ ಮಹಡಿಯಲ್ಲಿ ಯಾರೋ ಮಿಕ್ಸಿ ಹಾಕಿದರು. ಅದು ನಿಂತ ಮೇಲೆ ಚೇತನಾ ತಂಗಿಯ ಕಡೆ ಕಣ್ಣೆತ್ತಿದಳು.

"ಡಾಕ್ಟರ್ ಕೇಳಿದ್ರಲ್ಲ" ಅಂದಳು. ದನಿ ಅವಳದ್ದೆನಿಸಲಿಲ್ಲ. "ಒಂದೇ ಒಂದು ಮಾತ್ರೆ ಆದ್ರೂ ಹೇಳಿ ಅಂತ. ನಾನು ನಿನ್ನ ಕಡೆ ತಿರುಗಿ, ಅಲ್ವೇನೇ ಅಂದೆ. ನೀನು ತಲೆ ಆಡಿಸ್ದೆ."

"ಹೂಂ ಅಕ್ಕ" ಅಂದಳು ಚೈತ್ರ. "ಆಡಿಸ್ದೆ."